ಕಯಾಕ್ ಸಮುದ್ರಕ್ಕೆ ಇಳಿಸಬೇಕು: ಸ್ಪ್ರೇ ಸ್ಕರ್ಟ್ ಯಾವುದು ತಗೊಳ್ಳಲಿ?

ಗಾಜನೂರು ಗಾಳಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವನು. ಮೂರು ವರ್ಷದಿಂದ ಹಿನ್ನೀರಿನಲ್ಲಿ ಹುಟ್ಟು ಹಾಕುತ್ತಿದ್ದೇನೆ, ಜಾಸ್ತಿ ಹೊನ್ನೆಮರಡು ಕಡೆ. ಇಷ್ಟು ದಿನ ಬೇರೆಯವರ ಕಯಾಕ್. ಈಗ ಬೆಂಗಳೂರಿನ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಸೀ ಕಯಾಕ್ ಸಿಕ್ಕಿತು. ಪ್ಲಾಸ್ಟಿಕ್‌ನದು, 15 ಅಡಿ. ಸದ್ಯಕ್ಕೆ ಅರ್ಧ ಜಗುಲಿಯಲ್ಲಿ, ಅರ್ಧ ಮೆಟ್ಟಿಲ ಕೆಳಗೆ ಮಲಗಿದೆ. ದಿನಾ ಯಾರಾದರೂ ಒಬ್ಬರು ಎಡವುತ್ತಾರೆ.

ಡಿಸೆಂಬರ್‌ನಲ್ಲಿ ಆಗುಂಬೆ ಇಳಿದು ಮಲ್ಪೆಗೆ ಒಯ್ಯಬೇಕು ಅಂತ ಆಸೆ. ಆದರೆ ಕಯಾಕ್ ಜೊತೆ ಸ್ಪ್ರೇ ಸ್ಕರ್ಟ್ ಬಂದಿಲ್ಲ. ಹುಡುಕಲು ಹೊರಟರೆ ತಲೆ ಕೆಟ್ಟಿತು. ನೈಲಾನ್ ಇದೆ, ನಿಯೋಪ್ರೀನ್ ಇದೆ, ಎರಡೂ ಸೇರಿಸಿದ್ದೂ ಇದೆ. ನಾನು ನೋಡಿದ ಕಡೆಯೆಲ್ಲ ನಿಯೋಪ್ರೀನ್‌ಗೆ ನೈಲಾನ್‌ನ ಎರಡು ಪಟ್ಟು ಬೆಲೆ. ಮನೆಯಲ್ಲಿ "ಒಂದು ಲಂಗಕ್ಕೆ ಇಷ್ಟು ದುಡ್ಡಾ?" ಅಂತ ನಗುತ್ತಿದ್ದಾರೆ.

ಕೂರುವ ಬಾಯಿ 81 ಸೆಂ.ಮೀ. ಉದ್ದ, 42 ಸೆಂ.ಮೀ. ಅಗಲ. ನನ್ನ ಸೊಂಟ 38 ಇಂಚು. ಊಟ ಆದ ಮೇಲೆ ಅಳೆದಿಲ್ಲ. ಯಾವುದು ತಗೊಳ್ಳಲಿ ಹೇಳಿ.

ಹೊಸನಗರದ ಹುಡುಗ

ಅಣ್ಣ, ಸ್ಕರ್ಟ್ ಅಂದರೆ ಏನು? ನಾನು ಎರಡು ಸಲ ಕಯಾಕ್ ಹತ್ತಿದ್ದೇನೆ. ಸುಮ್ನೆ ಮೇಲೆ ಕೂತು ಹೋದೆ. ಲೈಫ್ ಜಾಕೆಟ್ ಬಿಟ್ಟರೆ ಬೇರೆ ಏನೂ ಕೊಡಲಿಲ್ಲ.

ಶರಾವತಿ ಎಡದಂಡೆ

ಹುಡುಗಾ, ನೀನು ಕೂತದ್ದು ಮೇಲೆ ಕೂರುವ ಕಯಾಕ್. ಅದರಲ್ಲಿ ಕಾಲು ಹೊರಗೇ ಇರುತ್ತದೆ. ನೀರು ಬಂದರೆ ತಳದ ತೂತುಗಳಿಂದ ತಾನೇ ಇಳಿದು ಹೋಗುತ್ತದೆ. ಅದಕ್ಕೆ ಸ್ಕರ್ಟ್ ಬೇಡ, ಹಾಕಲು ಜಾಗವೂ ಇಲ್ಲ.

ಗಾಳಿಯವರು ತಗೊಂಡದ್ದು ಒಳಗೆ ಕೂರುವಂಥದ್ದು. ಸೊಂಟದಿಂದ ಕೆಳಗೆ ಪೂರ್ತಿ ದೋಣಿಯ ಹೊಟ್ಟೆಯೊಳಗೆ. ಕೂರುವ ಬಾಯಿಗೆ ಕಾಕ್‌ಪಿಟ್ ಅನ್ನುತ್ತಾರೆ. ಸುತ್ತ ಎದ್ದು ನಿಂತ ಅಂಚಿಗೆ ಕೋಮಿಂಗ್. ಸ್ಕರ್ಟನ್ನು ನಾವು ಲಂಗದ ಹಾಗೆ ಸೊಂಟಕ್ಕೆ ಹಾಕಿಕೊಂಡು, ಕೆಳಗಿನ ಎಲಾಸ್ಟಿಕ್ ಅಂಚನ್ನು ಆ ಕೋಮಿಂಗ್‌ಗೆ ಸಿಕ್ಕಿಸುತ್ತೇವೆ. ಉಪ್ಪಿನಕಾಯಿ ಭರಣಿ ಬಾಯಿಗೆ ಅಜ್ಜಿ ಬಟ್ಟೆ ಕಟ್ಟುತ್ತಿದ್ದರಲ್ಲ, ಹಾಗೆ. ಭರಣಿಯಲ್ಲಿ ಕೂತದ್ದು ನಾವೇ ಅನ್ನುವುದೊಂದೇ ವ್ಯತ್ಯಾಸ. ಗದ್ದೆಯಲ್ಲಿ ಗೊರಬು ಬೆನ್ನು ಕಾದರೆ, ಇದು ಮಡಿಲು ಕಾಯುತ್ತದೆ.

ಹೊಸನಗರದ ಹುಡುಗ

ಈಗ ಗೊತ್ತಾಯ್ತು ಅಕ್ಕ. ಆದರೆ ಮಗುಚಿದರೆ? ಕಟ್ಟಿದ ಭರಣಿಯಿಂದ ಹೊರಗೆ ಬರುವುದು ಹೇಗೆ?

ಶರಾವತಿ ಎಡದಂಡೆ

ಅದೇ ದೊಡ್ಡ ಪ್ರಶ್ನೆ. ಕೆಳಗೆ ಯಾರಾದರೂ ಬರೆಯುತ್ತಾರೆ, ಇಲ್ಲದಿದ್ದರೆ ನಾನೇ ಬರೆಯುತ್ತೇನೆ.

ಕುಂದಾಪ್ರದ ಹುಟ್ಟು

ಗಾಳಿಯವರೇ, ಮೊದಲು ಆ ಕಯಾಕ್‌ಗೆ ಶುಭವಾಗಲಿ. ಕಾರಿನ ತಲೆ ಮೇಲೆ 15 ಅಡಿ ಕಟ್ಟಿಕೊಂಡು ಆಗುಂಬೆಯ 14 ತಿರುವು ಇಳಿಯುವಾಗ ಮುಂದಿನ ತುದಿಗೂ ಹಿಂದಿನ ತುದಿಗೂ ಬೇರೆ ಬೇರೆ ಹಗ್ಗ ಕಟ್ಟಿ. ಬರೀ ಕ್ಯಾರಿಯರ್ ಪಟ್ಟಿ ನಂಬಬೇಡಿ.

ಈಗ ಸ್ಕರ್ಟ್. ಎಲ್ಲರೂ ಬಟ್ಟೆ ಯಾವುದು ಅಂತ ಕೇಳುತ್ತಾರೆ. ಅದಕ್ಕೂ ಮೊದಲು ಅಳತೆ ಸರಿ ಹೋಗಬೇಕು. ಅಳತೆ ತಪ್ಪಿದರೆ ದುಬಾರಿ ನಿಯೋಪ್ರೀನ್ ಕೂಡ ಒಲೆ ಒರೆಸಲು ಲಾಯಕ್ಕು.

ಸ್ಕರ್ಟಿನಲ್ಲಿ ಎರಡು ಭಾಗ. ಕಾಕ್‌ಪಿಟ್ ಮುಚ್ಚುವ ಚಪ್ಪಟೆ ಭಾಗ ಡೆಕ್. ಸೊಂಟದಿಂದ ಎದೆಯ ಕೆಳಗಿನವರೆಗೆ ಏರುವ ಕೊಳವೆ ಟನಲ್. ಎರಡಕ್ಕೂ ಅಳತೆ ಬೇರೆ. ಡೆಕ್ ಅಳತೆ ದೋಣಿಯದು, ಟನಲ್ ಅಳತೆ ನಿಮ್ಮದು. ಒಂದೇ ನಂಬರ್ ಹೇಳಿ ತರಿಸಿದವರು ಕೈ ಸುಟ್ಟುಕೊಂಡಿದ್ದಾರೆ.

ಕಾಕ್‌ಪಿಟ್ ಅಳೆಯುವಾಗ ಕೋಮಿಂಗ್‌ನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ನಿಮ್ಮ 81 ಮತ್ತು 42 ಒಳಗಿನ ಅಳತೆಯೋ ಹೊರಗಿನದೋ? ದಾರ ಸುತ್ತಿ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಿ. ಉದ್ದ ಅಗಲ ಒಂದೇ ಇದ್ದು ಆಕಾರ ಬೇರೆ ಇರುವ ದೋಣಿಗಳಿವೆ. ಮುಂದೆ ಚೂಪಾಗಿದ್ದರೆ ಒಂದು ಥರ ಕೂರುತ್ತದೆ, ಮೊಟ್ಟೆಯ ಹಾಗಿದ್ದರೆ ಇನ್ನೊಂದು ಥರ. ಸೀಲ್ಸ್, ಪಾಮ್ ಥರದ ಕಂಪನಿಗಳು ಅಳತೆ ಪಟ್ಟಿ ಕೊಡುತ್ತವೆ, ಅದನ್ನು ನೋಡಿ. ಒಂದು ಕಂಪನಿಯ ದೊಡ್ಡ ಸೈಜ್ ಇನ್ನೊಂದರಲ್ಲಿ ನಡು ಸೈಜ್ ಆಗಿರಬಹುದು. ರೆಡಿಮೇಡ್ ಶರ್ಟ್ ಕಥೆಯೇ.

ಇನ್ನು ಬಟ್ಟೆ.

ನೈಲಾನ್ ಹಗುರ, ಅಗ್ಗ. ಸೆಕೆ ಕಡಿಮೆ. ಹಾಕುವುದು ತೆಗೆಯುವುದು ಸುಲಭ. ಆದರೆ ಅದು ಹಿಗ್ಗುವುದಿಲ್ಲ. ಹಾಗಾಗಿ ಮಡಿಲಿನ ಮೇಲೆ ಜೋಲು ಬೀಳುತ್ತದೆ. ಅಲ್ಲಿ ನೀರು ನಿಲ್ಲುತ್ತದೆ. ಅಡಿಕೆ ಚಪ್ಪರದ ಟಾರ್ಪಾಲು ನಡುವೆ ಮಳೆನೀರು ನಿಂತು ಹೊಟ್ಟೆ ಬಿಡುತ್ತದಲ್ಲ, ನೋಡಿದ್ದೀರಿ ತಾನೇ? ಅದೇ ಅವಸ್ಥೆ. ನಿಂತ ನೀರು ಮೆಲ್ಲಗೆ ಹೊಲಿಗೆಯಿಂದ ತೊಡೆ ಮೇಲೆ ತೊಟ್ಟಿಕ್ಕುತ್ತದೆ. ದೊಡ್ಡ ಅಲೆ ಮೇಲೆ ಬಿದ್ದರೆ ಅಂಚು ಕಳಚಿಕೊಳ್ಳಲೂಬಹುದು.

ನಿಯೋಪ್ರೀನ್ ಅಂದರೆ ಒಳಗೆ ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರ್ ಹಾಳೆ. ಸ್ಕರ್ಟಿಗೆ ಸಾಮಾನ್ಯವಾಗಿ 3 ಅಥವಾ 4 ಮಿ.ಮೀ. ದಪ್ಪದ್ದು ಬಳಸುತ್ತಾರೆ. ಅದು ಹಿಗ್ಗಿ ತಮಟೆಯ ಹಾಗೆ ಬಿಗಿಯಾಗಿ ಕೂರುತ್ತದೆ. ಬಿದ್ದ ನೀರು ಜಾರಿ ಹೋಗುತ್ತದೆ. ಅಲೆಗೆ ಜಗ್ಗುವುದಿಲ್ಲ. ತೊಂದರೆ ಏನೆಂದರೆ ಬೆಲೆ, ತೂಕ, ಹಾಕುವಾಗಿನ ಗುದ್ದಾಟ, ಮತ್ತೆ ಸೆಕೆ. ಚಳಿ ದೇಶದವರಿಗೆ ಆ ಬಿಸಿ ಹಿತ. ನಮ್ಮ ಅರಬ್ಬಿ ಸಮುದ್ರದ ನೀರು ವರ್ಷದ ಬಹುಪಾಲು 28 ಡಿಗ್ರಿ ಆಸುಪಾಸು. ಇಲ್ಲಿ ಎದೆಯವರೆಗೆ ರಬ್ಬರ್ ಸುತ್ತಿಕೊಂಡು ಬೆಳಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ಕೂತರೆ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗೆ.

ಅದಕ್ಕೇ ನಮ್ಮ ಕರಾವಳಿಗೆ ನಾನು ಹೇಳುವುದು ಮೂರನೆಯದು. ಡೆಕ್ ನಿಯೋಪ್ರೀನ್, ಟನಲ್ ನೈಲಾನ್. ಕೆಳಗೆ ಬಿಗಿ, ಮೇಲೆ ಗಾಳಿ. ನೈಲಾನ್ ಟನಲ್‌ಗೆ ವೆಲ್ಕ್ರೋ ಪಟ್ಟಿ, ಹೆಗಲ ಮೇಲಿನ ಪಟ್ಟಿ ಇರುತ್ತದೆ. ಊಟಕ್ಕೆ ಮುಂಚೆ 38, ಆಮೇಲೆ 40 ಆದರೂ ನಡೆಯುತ್ತದೆ. ಪೂರ್ತಿ ನಿಯೋಪ್ರೀನ್ ಟನಲ್ ಆದರೆ ಆ ಸಲಿಗೆ ಇಲ್ಲ.

ತುಂಗೆಯ ತೆಪ್ಪ

ಅಷ್ಟು ದುಡ್ಡು ಯಾಕೆ ಮಾರಾಯ್ರೆ? ನಾನೇ ಹೊಲಿಸಿದ್ದೆ. ತೀರ್ಥಹಳ್ಳಿಯಲ್ಲಿ ಕೊಡೆ, ಬ್ಯಾಗ್ ರಿಪೇರಿ ಮಾಡುವವರೊಬ್ಬರು ಇದ್ದಾರೆ. ಅವರಿಗೆ ಕಾಕ್‌ಪಿಟ್ ಮೇಲೆ ಪೇಪರ್ ಹಾಸಿ ನಮೂನೆ ಕತ್ತರಿಸಿ ಕೊಟ್ಟೆ. ರೈನ್‌ಕೋಟ್ ಬಟ್ಟೆ, ಅಂಚಿಗೆ ಬೈಕಿನ ಲಗೇಜ್ ಕಟ್ಟುವ ರಬ್ಬರ್ ಹಗ್ಗ. ಬೆಲೆ ಕೇಳಿದರೆ ನೀವು ನಗುತ್ತೀರಿ.

ಕುಂದಾಪ್ರದ ಹುಟ್ಟು

ಹೊಲಿಸಿದ್ದು ಸರಿ. ಮಗುಚಿ ನೋಡಿದ್ದೀರಾ?

ತುಂಗೆಯ ತೆಪ್ಪ

ನೋಡಿದೆ. ಅದನ್ನೂ ಹೇಳಿಬಿಡುತ್ತೇನೆ, ಮರ್ಯಾದೆ ಹೋದರೂ ಪರವಾಗಿಲ್ಲ.

ಮೊದಲ ಸ್ಕರ್ಟ್ ಸಡಿಲ ಆಯಿತು. ಬಗ್ಗಿ ಹುಟ್ಟು ಹಾಕಿದರೆ ಸಾಕು, ಹಿಂದಿನಿಂದ ಪಟ್ ಅಂತ ಕಳಚುತ್ತಿತ್ತು. ಎರಡನೆಯದಕ್ಕೆ ಹಟಕ್ಕೆ ಬಿದ್ದು ಹಗ್ಗ ಬಿಗಿ ಮಾಡಿಸಿದೆ. ಹಾಕಲು ಇಬ್ಬರು ಬೇಕಾಯಿತು. ಆಗಲೇ ಬುದ್ಧಿ ಬರಬೇಕಿತ್ತು.

ಮಂಡಗದ್ದೆ ಕಡೆ ಹೊಳೆಯಲ್ಲಿ ಎದೆಮಟ್ಟದ ನೀರಿನಲ್ಲಿ ಭಾವನನ್ನು ಪಕ್ಕ ನಿಲ್ಲಿಸಿಕೊಂಡು ಬೇಕೆಂದೇ ಮಗುಚಿದೆ. ಸ್ಕರ್ಟ್ ಬಿಚ್ಚಲು ಮುಂದೆ ಇರುವ ಎಳೆಯುವ ಪಟ್ಟಿ ಹಿಡಿದು ಜಗ್ಗಿದೆ. ಪಟ್ಟಿ ಕೈಗೇ ಬಂತು. ಬರೀ ಪಟ್ಟಿ. ಸ್ಕರ್ಟ್ ಇದ್ದಲ್ಲೇ ಇತ್ತು. ಮಾಮೂಲಿ ಹತ್ತಿ ದಾರದಲ್ಲಿ ಒಂದೇ ಸುತ್ತು ಹೊಲಿದಿದ್ದರು. ತಪ್ಪು ಅವರದಲ್ಲ, ಇದು ಯಾತಕ್ಕೆ ಅಂತ ನಾನೇ ಹೇಳಿರಲಿಲ್ಲ. ಅವರು ಅದನ್ನು ಅಲಂಕಾರ ಅಂದುಕೊಂಡಿದ್ದರಂತೆ.

ಭಾವ ದೋಣಿಯನ್ನು ತಿರುವಿ ಎತ್ತಿದ. ನೀರಲ್ಲಿ ಇದ್ದದ್ದು ಹತ್ತು ಸೆಕೆಂಡೂ ಇರಲಿಕ್ಕಿಲ್ಲ. ನನಗೆ ಒಂದು ಮಳೆಗಾಲ ಕಳೆದ ಹಾಗಾಯಿತು.

ಶರಾವತಿ ಎಡದಂಡೆ

ತೆಪ್ಪದವರೇ, ಇಲ್ಲಿ ಬರೆದದ್ದಕ್ಕೆ ಧನ್ಯವಾದ. ಇಂಥದ್ದನ್ನು ಹೆಚ್ಚಿನವರು ಮುಚ್ಚಿಡುತ್ತಾರೆ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಸ್ಕರ್ಟಿನ ಮುಂತುದಿಯಲ್ಲಿ ಗಟ್ಟಿ ಪಟ್ಟಿಯ ಒಂದು ಕುಣಿಕೆ ಇರುತ್ತದೆ, ಮಗುಚಿದಾಗ ಸ್ಕರ್ಟ್ ಬಿಚ್ಚುವುದು ಅದನ್ನು ಹಿಡಿದೇ. ಅದು ಯಾವಾಗಲೂ ಹೊರಗೇ ಇರಬೇಕು. ಅವಸರದಲ್ಲಿ ಅಂಚನ್ನು ಸಿಕ್ಕಿಸುವಾಗ ಕುಣಿಕೆ ಒಳಗೆ ಸೇರಿಹೋಗುತ್ತದೆ, ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಾನು ದಡ ಬಿಡುವ ಮೊದಲು ಕುಣಿಕೆಯನ್ನು ಕೈಯಲ್ಲಿ ಮುಟ್ಟಿ "ಇದೆ" ಅಂತ ಬಾಯಿಬಿಟ್ಟು ಹೇಳುತ್ತೇನೆ. ಪಕ್ಕದವರೂ ಹೇಳಬೇಕು. ಕೇಳಿದವರು ಮಂತ್ರ ಅಂದುಕೊಂಡರೂ ಚಿಂತೆಯಿಲ್ಲ.

ಕೊಳ್ಳುವಾಗ ಆ ಕುಣಿಕೆಯನ್ನೇ ಮೊದಲು ನೋಡಿ. ನಾಲ್ಕೂ ಬೆರಳು ಒಳಗೆ ಹೋಗಬೇಕು. ಹೊಲಿಗೆ ಅಡ್ಡಡ್ಡ ಹಲವು ಸುತ್ತು ಬಿದ್ದಿರಬೇಕು. ಬಣ್ಣ ಎದ್ದು ಕಾಣಬೇಕು. ಚೆಂದದ ಕಪ್ಪು ಸ್ಕರ್ಟಿಗೆ ಚೆಂದದ ಕಪ್ಪು ಕುಣಿಕೆ ಹಾಕಿದ್ದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಮತ್ತೆ ಹೆಂಗಸರಿಗೆ ಒಂದು ಮಾತು. ನನ್ನ ಮೊದಲ ಸ್ಕರ್ಟ್ ಪೂರ್ತಿ ನಿಯೋಪ್ರೀನ್. ಅಂಗಡಿಯವರು ಸೊಂಟದ ಅಳತೆ ಮಾತ್ರ ಕೇಳಿದರು. ಟನಲ್ ನಿಲ್ಲುವುದು ಪಕ್ಕೆಲುಬಿನ ಮೇಲೆ, ಎದೆಯ ಕೆಳಗೆ. ಅಲ್ಲಿ ನನ್ನ ಅಳತೆ ಬೇರೆ. ಕೂತು ಅರ್ಧ ಗಂಟೆಗೆ ಉಸಿರು ಮೇಲೆ ಹೋಗುತ್ತಿತ್ತು. ಟನಲ್ ತುದಿ ಎಲ್ಲಿ ಬರುತ್ತದೋ ಅಲ್ಲೇ ಟೇಪ್ ಹಿಡಿಯಿರಿ, ಹಾಕಿಕೊಳ್ಳುವ ಬಟ್ಟೆ ಮೇಲೆಯೇ ಹಿಡಿಯಿರಿ. ಲೈಫ್ ಜಾಕೆಟ್ ಟನಲ್‌ನ ಮೇಲೆ ಬರುತ್ತದೆ, ಒಳಗಲ್ಲ.

ಇನ್ನೊಂದು, ಕೈಯ ಬಲ. ಅಂಗಡಿಯ ಹುಡುಗ ಒಂದೇ ಎಳೆತಕ್ಕೆ ಬಿಚ್ಚಿ ತೋರಿಸಿದ. ನನಗೆ ಎರಡು ಕೈ ಬೇಕಾಯಿತು. ಅವನ ಕೈ ನನ್ನ ಜೊತೆ ಶರಾವತಿಗೆ ಬರುವುದಿಲ್ಲವಲ್ಲ. ಅದನ್ನು ಮಾರಿ ಈಗ ಎರಡೂ ಬೆರೆತದ್ದು ಇಟ್ಟುಕೊಂಡಿದ್ದೇನೆ. ಒಂದೇ ಕೈಯಲ್ಲಿ ಬಿಚ್ಚುತ್ತೇನೆ, ಎಡಗೈಯಲ್ಲೂ.

ಗಾಜನೂರು ಗಾಳಿ

ಅಕ್ಕ, ತೆಪ್ಪದವರ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ. 81 ಮತ್ತು 42 ಒಳ ಅಳತೆ. ಹೊರಗಿನಿಂದ ಅಳೆದರೆ 85 ಮತ್ತು 46 ಬಂತು! ನಿನ್ನೆ ಆರ್ಡರ್ ಮಾಡಿದ್ದರೆ ಮುಗಿದಿತ್ತು ಕಥೆ.

ಒಂದು ಸಂಶಯ. ಅಂಚಿನಲ್ಲಿ ಎರಡು ಥರ ಕಾಣುತ್ತಿದೆ. ಒಂದರಲ್ಲಿ ಎಲಾಸ್ಟಿಕ್ ಹಗ್ಗ, ಇನ್ನೊಂದರಲ್ಲಿ ದಪ್ಪ ರಬ್ಬರ್ ಪಟ್ಟಿ. ಯಾವುದು?

ಕುಂದಾಪ್ರದ ಹುಟ್ಟು

ಹಗ್ಗ. ರಬ್ಬರ್ ಪಟ್ಟಿಯದಕ್ಕೆ ರ‍್ಯಾಂಡ್ ಅನ್ನುತ್ತಾರೆ. ಅದು ಬಂಡೆ ಮೇಲೆ ಧುಮುಕುವ ಹೊಳೆಯವರಿಗೆ. ಹಿಡಿತ ವಿಪರೀತ, ಬಿಚ್ಚುವುದೂ ಅಷ್ಟೇ ಕಷ್ಟ. ಸಮುದ್ರದಲ್ಲಿ ಬೆಳಗ್ಗೆಯಿಂದ ನಾಲ್ಕು ಸಲ ಹಾಕಿ ತೆಗೆಯುವವರಿಗೆ ಎಲಾಸ್ಟಿಕ್ ಹಗ್ಗವೇ ಸರಿ. ಡೆಕ್ ಒಳಗೆ ಬಿಲ್ಲಿನ ಹಾಗೆ ಬಾಗಿದ ಕಡ್ಡಿ ಇರುವುದೂ ಸಿಗುತ್ತದೆ. ನೈಲಾನ್ ತಗೊಂಡರೆ ಆ ಕಡ್ಡಿ ಇರಲಿ, ನೀರು ನಿಲ್ಲುವುದು ಸ್ವಲ್ಪ ಕಡಿಮೆ ಆಗುತ್ತದೆ. ಜಿಪ್ ಇರುವುದು ಬೇಡ. ಉಪ್ಪುನೀರಿಗೆ ಜಿಪ್ ಕಚ್ಚಿಕೊಳ್ಳುತ್ತದೆ, ಸೋರುತ್ತದೆ.

ಬ್ಯಾಕ್‌ವಾಟರ್ ಬಾವಿಕಟ್ಟೆ

ನನ್ನದು ಉಲ್ಟಾ ಅಭಿಪ್ರಾಯ. ಹೊಸಬರಿಗೆ ಸ್ಕರ್ಟೇ ಬೇಡ. ಹತ್ತು ವರ್ಷದಿಂದ ಲಿಂಗನಮಕ್ಕಿ ಹಿನ್ನೀರಿನಲ್ಲಿ ಸ್ಕರ್ಟ್ ಇಲ್ಲದೇ ಓಡಾಡಿದ್ದೇನೆ. ಮಗುಚಿದರೆ ಸಲೀಸಾಗಿ ಬೀಳುತ್ತೇನೆ, ಈಜುತ್ತೇನೆ. ಕಟ್ಟಿಕೊಂಡು ತಲೆಕೆಳಗೆ ನೇತಾಡುವ ಕರ್ಮ ಯಾಕೆ? ಮಗುಚಿದ ದೋಣಿಯನ್ನು ಹುಟ್ಟಿನಿಂದಲೇ ಎಬ್ಬಿಸುವ ರೋಲ್ ಕಲಿತ ಮೇಲೆ ಸ್ಕರ್ಟ್ ಹಾಕಲಿ.

ಕುಂದಾಪ್ರದ ಹುಟ್ಟು

ಹಿನ್ನೀರಿನ ಮಟ್ಟಿಗೆ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಅರ್ಧ ಮಾತ್ರ. ಲಿಂಗನಮಕ್ಕಿಯಲ್ಲೂ ಮಧ್ಯಾಹ್ನ ಗಾಳಿ ಎದ್ದರೆ ಅಗಲದ ನೀರಿನಲ್ಲಿ ಅಲೆ ಏಳುತ್ತದೆ, ನೀವೇ ನೋಡಿರುತ್ತೀರಿ.

ಸಮುದ್ರದ ಲೆಕ್ಕ ಬೇರೆ. ದಡದಿಂದ ಹೊರಡುವಾಗ ಒಡೆಯುವ ಅಲೆ ದಾಟಬೇಕು. ಎರಡನೇ ಅಲೆಗೆ ತೆರೆದ ಕಾಕ್‌ಪಿಟ್ ಬಾನಿಯ ಹಾಗೆ ತುಂಬುತ್ತದೆ. ನೂರು ಲೀಟರ್ ಒಳಗೆ ಬಂದರೆ ನೂರು ಕಿಲೋ ಭಾರ, ಅದೂ ಅತ್ತಿತ್ತ ಹೊಯ್ದಾಡುವ ಭಾರ. ಅಡಿಕೆ ಮೂಟೆಯಾದರೂ ಇಟ್ಟಲ್ಲಿ ಇರುತ್ತದೆ. ಮೂರನೇ ಅಲೆಗೆ ಮಗುಚುವುದು ಆ ನೀರಿನಿಂದಲೇ. ಸ್ಕರ್ಟ್ ಇಲ್ಲದೇ ಹೋಗುವುದು ಸುರಕ್ಷಿತ ಅನ್ನುವುದು ಕೆರೆಯ ಮಾತು.

ರೋಲ್ ಬರುವವರೆಗೆ ಕಾಯಬೇಕು ಅನ್ನುವುದನ್ನೂ ಒಪ್ಪುವುದಿಲ್ಲ. ಕಾಯಬೇಕಾದ್ದು ಹೊರಗೆ ಬರುವುದು ಕಲಿಯುವವರೆಗೆ. ಅದು ಒಂದು ಬೆಳಗಿನ ಕೆಲಸ.

ಗಾಳಿಯವರೇ, ಇದನ್ನು ಹೊನ್ನೆಮರಡಿನಲ್ಲೇ ಮುಗಿಸಿ, ಮಲ್ಪೆಯಲ್ಲಿ ಕಲಿಯಬೇಡಿ. ಎದೆಮಟ್ಟದ ನೀರು, ಕೆಳಗೆ ಮರದ ಬೊಡ್ಡೆ ಇಲ್ಲದ ಜಾಗ, ಪಕ್ಕದಲ್ಲಿ ಈಜು ಬಲ್ಲವರೊಬ್ಬರು. ಮೊದಲು ಸ್ಕರ್ಟ್ ಇಲ್ಲದೇ ಮಗುಚಿ ಹೊರಗೆ ಬನ್ನಿ. ಆಮೇಲೆ ಸ್ಕರ್ಟ್ ಹಾಕಿ. ಮಗುಚಿದ ಕೂಡಲೇ ಹಿಂದಕ್ಕೆ ಒರಗುವ ಆಸೆ ಬರುತ್ತದೆ. ಬೇಡ. ಮುಂದಕ್ಕೆ ಬಗ್ಗಿ ಹಣೆ ಡೆಕ್ ಹತ್ತಿರ ತನ್ನಿ. ಆಗ ಮುಖಕ್ಕೆ ಕಲ್ಲು ತಾಗುವುದಿಲ್ಲ, ಕುಣಿಕೆಯೂ ಕೈಗೆ ಸಿಗುತ್ತದೆ. ಕುಣಿಕೆಯನ್ನು ಎದೆ ಕಡೆಗೆ ಎಳೆಯಬೇಡಿ. ಮೊದಲು ಮುಂದಕ್ಕೆ, ದೋಣಿ ಮೂತಿಯ ಕಡೆಗೆ ತಳ್ಳಿ. ಅಂಚು ಕೋಮಿಂಗ್ ಬಿಡುತ್ತದೆ. ಆಮೇಲೆ ದೋಣಿಯಿಂದ ಆಚೆಗೆ ಕಿತ್ತು ಬಿಡಿ. ಎರಡೂ ಕೈ ಸೊಂಟದ ಪಕ್ಕ ಕೋಮಿಂಗ್ ಮೇಲೆ ಊರಿ ದೇಹ ಹೊರಗೆ ತಳ್ಳಿ, ಬಿಗಿ ಪ್ಯಾಂಟಿನಿಂದ ಕಾಲು ಎಳೆದುಕೊಂಡ ಹಾಗೆ. ಸರಿಯಾದ ಕ್ರಮದಲ್ಲಿ ಮಾಡಿದರೆ ಐದಾರು ಸೆಕೆಂಡ್.

ಕುಣಿಕೆ ಸಿಗಲಿಲ್ಲ ಅನ್ನಿ. ಸೊಂಟದ ಪಕ್ಕದಿಂದ ಕೋಮಿಂಗ್ ಗುಂಟ ಕೈ ಮುಂದಕ್ಕೆ ಜಾರಿಸುತ್ತಾ ಡೆಕ್ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಒಳಮುಖವಾಗಿ ಎಳೆದರೆ ಪಕ್ಕದಿಂದ ಅಂಚು ಬಿಡುತ್ತದೆ. ಜೊತೆಗೆ ಮೊಣಕಾಲಿನಿಂದಲೂ ಒತ್ತಿ. ಇದನ್ನು ಮೊದಲು ನೆಲದ ಮೇಲೆ, ಜಗುಲಿಯಲ್ಲೇ, ಕಣ್ಣು ಮುಚ್ಚಿ ಹತ್ತು ಸಲ ಮಾಡಿ. ಜಗುಲಿಯಲ್ಲಿ ಬಿಚ್ಚಲು ಆಗದ ಸ್ಕರ್ಟ್ ನೀರಿನಲ್ಲಿ ಬಿಚ್ಚುವುದಿಲ್ಲ. ಅಂಥದ್ದನ್ನು ವಾಪಸ್ ಕಳಿಸಿ, ಎಷ್ಟೇ ಒಳ್ಳೆ ಕಂಪನಿಯದಾಗಲಿ.

ಬ್ಯಾಕ್‌ವಾಟರ್ ಬಾವಿಕಟ್ಟೆ

ಕೆರೆಯ ಮಾತು ಅಂದದ್ದಕ್ಕೆ ಬೇಜಾರಿಲ್ಲ. ನಾನು ಸಮುದ್ರದಲ್ಲಿ ಹುಟ್ಟು ಹಾಕಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಸೇರಿಸುತ್ತೇನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಎಲ್ಲೆಲ್ಲೋ ತಲೆ ಎತ್ತುತ್ತವೆ. 1964ರಲ್ಲಿ ಅಣೆಕಟ್ಟು ಆದಾಗ ಮುಳುಗಿದ ಮರಗಳು, ಇನ್ನೂ ಕಲ್ಲಿನಂತಿವೆ. ದಡಕ್ಕೆ ಇಳಿದು ಸ್ಕರ್ಟ್ ಸೊಂಟದಲ್ಲಿ ನೇತಾಡಿಸಿಕೊಂಡೇ ಅವುಗಳ ನಡುವೆ ನಡೆದರೆ ನಿಯೋಪ್ರೀನ್ ಹರಿಯುವುದು ಖಂಡಿತ. ಒದ್ದೆ ಸ್ಕರ್ಟ್ ಮೇಲೆ ಕೂರಲೂಬೇಡಿ. ನನ್ನ ಸ್ನೇಹಿತನೊಬ್ಬ ಅದನ್ನೇ ಚಾಪೆ ಮಾಡಿಕೊಂಡು ಚಿತ್ರಾನ್ನ ತಿಂದು ತೂತು ಮಾಡಿಕೊಂಡ.

ನಿವೃತ್ತ ಮೇಷ್ಟ್ರು

ನನಗೆ ಈಜು ಬಾರದು, ದೋಣಿ ಅಂದರೆ ಸಿಗಂದೂರು ಲಾಂಚ್ ಒಂದೇ ಗೊತ್ತು. 2025ರ ಜುಲೈಯಲ್ಲಿ ಸೇತುವೆ ಉದ್ಘಾಟನೆಯಾದ ಮೇಲೆ ಅದೂ ತಪ್ಪಿತು. ಆದರೂ ಈ ಚರ್ಚೆ ಓದುತ್ತಿದ್ದೇನೆ.

ಕಯಾಕ್ ಅನ್ನುವ ಪದವೇ ಉತ್ತರ ಧ್ರುವದ ಕಡೆಯ ಇನೂಯಿಟ್ ಜನರದು. ಗ್ರೀನ್‌ಲ್ಯಾಂಡಿನ ಬೇಟೆಗಾರರು ಸೀಲ್ ಚರ್ಮದ ಅಂಗಿ ಹೊಲಿದು ಹಾಕಿಕೊಳ್ಳುತ್ತಿದ್ದರು. ಹೆಸರು ತುಯಿಲಿಕ್. ತಲೆಗೆ ಮುಸುಕು, ಮುಖದ ಸುತ್ತ ದಾರ, ಮಣಿಕಟ್ಟಿಗೆ ದಾರ, ಕೆಳ ಅಂಚು ಕಾಕ್‌ಪಿಟ್‌ನ ಬಳೆಗೆ ಬಿಗಿ. ಸ್ಕರ್ಟ್ ಮತ್ತು ಅಂಗಿ ಒಂದೇ. ನಮ್ಮ ಕಂಬಳಿಕೊಪ್ಪೆಯನ್ನು ದೋಣಿಗೇ ಹೊಲಿದ ಹಾಗೆ. ಆ ನೀರಿನಲ್ಲಿ ದೋಣಿಯಿಂದ ಹೊರಗೆ ಬಂದರೆ ಚಳಿಗೇ ಸಾವು. ಅದಕ್ಕೇ ಅವರು ಒಳಗಿದ್ದುಕೊಂಡೇ ದೋಣಿ ತಿರುವಿ ಏಳುವುದನ್ನು ಕಲಿತರು. ನಿಮ್ಮ 28 ಡಿಗ್ರಿ ನೀರಿನಲ್ಲಿ ಹೊರಗೆ ಬೀಳುವುದಕ್ಕೆ ಅವಕಾಶವಿದೆ, ಅದು ನಿಮ್ಮ ಪುಣ್ಯ.

ಇನ್ನೊಂದು ತಮಾಷೆ. ನೀವು ಜಗಳ ಆಡುತ್ತಿರುವ ನಿಯೋಪ್ರೀನ್ (1930) ಮತ್ತು ನೈಲಾನ್ (1935) ಎರಡೂ ಹುಟ್ಟಿದ್ದು ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ. ಅಣ್ಣ ತಮ್ಮಂದಿರ ವ್ಯಾಜ್ಯ.

ಹೊಸನಗರದ ಹುಡುಗ

ಮೇಷ್ಟ್ರೇ ಸೂಪರ್.

ಶರಾವತಿ ಎಡದಂಡೆ

ಮಲೆನಾಡಿನವರಿಗೆ ಮಾತ್ರ ಬರುವ ತೊಂದರೆ ಒಂದಿದೆ, ಯಾರೂ ಹೇಳಲಿಲ್ಲ. ಬೂಸ್ಟು.

ಸಮುದ್ರಕ್ಕೆ ಹೋಗಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು, ನೆರಳಲ್ಲಿ ಒಣಗಿಸಬೇಕು. ಇದು ಎಲ್ಲರೂ ಹೇಳುವುದು. ಬಿಸಿಲು ನಿಯೋಪ್ರೀನನ್ನು ಮೆಲ್ಲಗೆ ತಿನ್ನುತ್ತದೆ, ಆಮೇಲೆ ಅದು ಗಡುಸಾಗಿ ಬಿರುಕು ಬಿಡುತ್ತದೆ. ಸರಿ. ಆದರೆ ಜುಲೈಯಲ್ಲಿ ನಮ್ಮಲ್ಲಿ ಒಣಗುವ ನೆರಳು ಎಲ್ಲಿದೆ? ನಾನು ಒಂದು ವರ್ಷ ಅಟ್ಟದಲ್ಲಿ ಮಡಚಿ ಇಟ್ಟೆ. ಸೆಪ್ಟೆಂಬರ್‌ನಲ್ಲಿ ತೆಗೆದರೆ ಬಿಳಿ ಉಣ್ಣೆ ಶಾಲು. ಇನ್ನೊಂದು ವರ್ಷ ಜಾಣತನ ಮಾಡಿ ಬಚ್ಚಲೊಲೆಯ ಮೇಲೆ ಒಣಹಾಕಿದೆ. ಅಂಚಿನ ಎಲಾಸ್ಟಿಕ್ ಬೆಂದು ಜೋಲಾಯಿತು, ಸ್ಕರ್ಟ್ ಪೂರ್ತಿ ಹೊಗೆ ವಾಸನೆ. ಯಜಮಾನರು "ಉಪ್ಪುಮೀನು ಒಣಗಿಸಿದೆಯಾ?" ಅಂದರು.

ಈಗ ಹೀಗೆ ಮಾಡುತ್ತೇನೆ. ಮಳೆಗಾಲ ಶುರುವಾಗುವ ಮೊದಲೇ, ಮೇ ಕೊನೆಯಲ್ಲಿ, ಚೆನ್ನಾಗಿ ತೊಳೆದು ಎರಡೂ ಮುಖ ಒಣಗಿಸಿ, ಮಡಚದೇ ಅಗಲದ ಹ್ಯಾಂಗರ್‌ಗೆ ಟನಲ್ ಕಡೆಯಿಂದ ನೇತುಹಾಕುತ್ತೇನೆ, ಗಾಳಿಯಾಡುವ ಕೋಣೆಯಲ್ಲಿ. ಇಲಿ ಏರದ ಎತ್ತರ. ಹೇಗೂ ಜೂನ್ ಜುಲೈಯಲ್ಲಿ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಆಗ ಮೀನುಗಾರರ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ.

ಕುಂದಾಪ್ರದ ಹುಟ್ಟು

ಹೌದು. ಡಿಸೆಂಬರ್‌ನಲ್ಲೂ ಬೆಳಗ್ಗೆ ಬೇಗ ಇಳಿದು, ಪಡುಗಾಳಿ ಏಳುವ ಮೊದಲು, ಹನ್ನೊಂದರೊಳಗೆ ದಡಕ್ಕೆ ಬನ್ನಿ. ಒಬ್ಬರೇ ಬೇಡ. ನೀರು ಎತ್ತುವ ಕೈಪಂಪು ಮರೆಯಬೇಡಿ. ಸ್ಕರ್ಟ್ ಇದ್ದರೂ ಸ್ವಲ್ಪ ನೀರು ಬಂದೇ ಬರುತ್ತದೆ. ಪಂಪನ್ನು ಟನಲ್ ಒಳಗಿನಿಂದ ಇಳಿಸಿ, ಸ್ಕರ್ಟ್ ಬಿಚ್ಚದೇ ನೀರು ಎತ್ತಬಹುದು.

ಗಾಜನೂರು ಗಾಳಿ

ಒಂದೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತೂ ಸ್ವಲ್ಪ ಸ್ವಲ್ಪ ಕೇಳಿದೆ.

ತಗೊಂಡದ್ದು ನಿಯೋಪ್ರೀನ್ ಡೆಕ್, ನೈಲಾನ್ ಟನಲ್, ಎಲಾಸ್ಟಿಕ್ ಹಗ್ಗದ ಅಂಚು. ಕೆಂಪು ಕುಣಿಕೆ. ಬಂದ ದಿನ ಜಗುಲಿಯಲ್ಲಿ ಕೂತು ಹಾಕಲು ಹೊರಟೆ. ಹಿಂದೆ ಸಿಕ್ಕಿಸಿದರೆ ಮುಂದೆ ಬರುವುದಿಲ್ಲ. ಮುಂದೆ ಎಳೆದರೆ ಹಿಂದಿನದು ಕಳಚುತ್ತದೆ. ಇಪ್ಪತ್ತು ನಿಮಿಷ ಬೆವರಿದೆ. ಮಗಳು ವಿಡಿಯೋ ಮಾಡಿದಳು, ಅದು ಈಗ ಊರೆಲ್ಲ ಓಡಾಡುತ್ತಿದೆ. ಸೈಜ್ ತಪ್ಪಿತು ಅಂತ ವಾಪಸ್ ಕಳಿಸಲು ಪೆಟ್ಟಿಗೆ ಹುಡುಕುತ್ತಿದ್ದೆ. ಆಗ ಕುಂದಾಪ್ರದವರಿಗೆ ಮೆಸೇಜ್ ಮಾಡಿದೆ. "ಒದ್ದೆ ಮಾಡಿದ್ದೀರಾ?" ಅಂತ ಒಂದೇ ಮಾತು ಬರೆದರು. ಒಣ ನಿಯೋಪ್ರೀನ್ ಹಿಗ್ಗುವುದಕ್ಕೆ ಹಟ ಮಾಡುತ್ತದಂತೆ. ನೀರಲ್ಲಿ ನೆನೆಸಿ, ಬೇರೆಯವರ ಸಹಾಯದಿಂದ ಖಾಲಿ ಕಾಕ್‌ಪಿಟ್‌ಗೆ ಹಾಕಿ, ರಾತ್ರಿಯಿಡೀ ಹಾಗೇ ಬಿಟ್ಟೆ. ಮರುದಿನ ಹಿಂದೆ ಸಿಕ್ಕಿಸಿ, ಮೊಣಕೈಯಿಂದ ಪಕ್ಕಗಳನ್ನು ಒತ್ತಿಹಿಡಿದು, ಮುಂದೆ ಬಗ್ಗಿ ಎಳೆದೆ. ಕೂತಿತು.

ಕಣ್ಣು ಮುಚ್ಚಿ ಬಿಚ್ಚುವುದು ಹತ್ತು ಸಲ ಅಲ್ಲ, ಮೂವತ್ತು ಸಲ ಮಾಡಿದೆ.

ಹೊನ್ನೆಮರಡಿನಲ್ಲಿ ಎಡದಂಡೆ ಅಕ್ಕ ಮತ್ತು ಅವರ ಯಜಮಾನರು ಬಂದಿದ್ದರು. ಇಬ್ಬರಿಗೂ ದೊಡ್ಡ ಥ್ಯಾಂಕ್ಸ್. ಮೊದಲ ಸಲ ಮಗುಚಿದಾಗ ಮೂಗಿಗೆ ನೀರು ಹೋಗಿ ಕುಣಿಕೆ ಮರೆತೇ ಹೋಯಿತು. ಕೈ ತಾನಾಗಿ ಪಕ್ಕಕ್ಕೆ ಹೋಗಿ ಬಟ್ಟೆ ಹಿಡಿದು ಎಳೆಯಿತು. ಜಗುಲಿಯ ಅಭ್ಯಾಸ! ನಾಲ್ಕನೇ ಸಲಕ್ಕೆ ಕುಣಿಕೆ ಹಿಡಿದು ಸಮಾಧಾನವಾಗಿ ಬಂದೆ. ಆರನೇ ಸಲಕ್ಕೆ ಅಕ್ಕ "ಸಾಕು, ಮೀನು ಹೆದರುತ್ತವೆ" ಅಂದರು.

ಮಲ್ಪೆಗೆ ಹೋದದ್ದು ಹೋದ ವಾರ. ಅಲೆ ದೊಡ್ಡದಿರಲಿಲ್ಲ. ಆದರೂ ಹೊರಡುವಾಗ ಎರಡು ಅಲೆ ಎದೆಗೇ ಬಂದವು. ನೀರು ಡೆಕ್ ಮೇಲಿಂದ ಜಾರಿ ಹೋಯಿತು. ಸ್ಕರ್ಟ್ ಇಲ್ಲದಿದ್ದರೆ ಅಷ್ಟೂ ನನ್ನ ಮಡಿಲಿಗೆ ಬರುತ್ತಿತ್ತು. ಸೇಂಟ್ ಮೇರಿಸ್ ದ್ವೀಪದ ಕಡೆ ಅರ್ಧ ದಾರಿ ಹೋಗಿ, ಗಾಳಿ ತಿರುಗಿದ್ದು ನೋಡಿ, ಹಿಂದೆ ಬಂದೆವು. ಸೆಕೆ? ಇದೆ. ತೊಡೆ ಬೆವರಿ ಅಂಟಂಟು. ನೈಲಾನ್ ಟನಲ್ ಇದ್ದದ್ದಕ್ಕೆ ಎದೆ ಮಾತ್ರ ಉಳಿಯಿತು.

ಒಂದು ತಪ್ಪು ಹೇಳಲೇಬೇಕು. ಮಲ್ಪೆಯಲ್ಲಿ ದಡ ಬಿಡುವ ಹೊತ್ತಿಗೆ, ಅಷ್ಟೆಲ್ಲ ಅಭ್ಯಾಸ ಮಾಡಿದವನು, ಕುಣಿಕೆಯನ್ನು ಒಳಗೆ ಸೇರಿಸಿ ಸಿಕ್ಕಿಸಿದ್ದೆ. ಅಕ್ಕ "ಇದೆಯಾ?" ಅಂದರು. ನಾನು ನೋಡದೇ "ಇದೆ" ಅಂದೆ. "ಮುಟ್ಟಿ ಹೇಳಿ" ಅಂದರು. ಮುಟ್ಟಲು ಹೋದರೆ ಇಲ್ಲ.

ಶರಾವತಿ ಎಡದಂಡೆ

ಮುಖ ನೋಡಬೇಕಿತ್ತು.

ತುಂಗೆಯ ತೆಪ್ಪ

ನಾನು ನನ್ನದಕ್ಕೆ ಹೊಸ ಪಟ್ಟಿ ಹಾಕಿಸಿದೆ. ಈ ಸಲ ಯಾತಕ್ಕೆ ಅಂತ ವಿವರವಾಗಿ ಹೇಳಿದೆ. ಅವರು ಕೇಳಿ ಗಾಬರಿಯಾಗಿ ನೈಲಾನ್ ದಾರದಲ್ಲಿ ಆರು ಸುತ್ತು ಹೊಲಿದು, ಗೋಡೆಯ ಮೊಳೆಗೆ ಸಿಕ್ಕಿಸಿ ತಾವೇ ಜೋತುಬಿದ್ದು ನೋಡಿದರು. ಮೊಳೆ ಕಿತ್ತು ಬಂತು, ಪಟ್ಟಿ ಬರಲಿಲ್ಲ. ಆದರೂ ಅದು ತುಂಗೆಗೆ ಮಾತ್ರ, ಅದೂ ಎದೆಮಟ್ಟದಲ್ಲಿ. ಸಮುದ್ರಕ್ಕೆ ಗಾಳಿಯವರು ತಗೊಂಡದ್ದನ್ನೇ ತರಿಸುತ್ತೇನೆ.

ಹೊಸನಗರದ ಹುಡುಗ

ಗಾಳಿ ಅಣ್ಣ, ಆ ವಿಡಿಯೋ ನಮ್ಮ ಗ್ರೂಪಿಗೂ ಬಂತು. ಮುಂದಿನ ಸಲ ಹೊನ್ನೆಮರಡಿಗೆ ಹೋಗುವಾಗ ನನ್ನನ್ನೂ ಕರೆಯಿರಿ. ನನ್ನ ಸೊಂಟ 28. ನಿಮ್ಮ ಟನಲ್ ವೆಲ್ಕ್ರೋ ಅಷ್ಟು ಬಿಗಿಯಾಗುತ್ತದಾ?